ಉಚಿತ ಕೊಟ್ಟಿರಿ, ಮುಕ್ತವಾಗಿ ಕೊಡಲಿಲ್ಲ

ಕಳೆದ ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯ ಹುಡುಗ, ಡಿಪ್ಲೊಮಾ ಎರಡನೇ ವರ್ಷದವನು, ಒಂದು ಕಪ್ಪು ಪ್ಲಾಸ್ಟಿಕ್ ಟ್ರೇ ಹಿಡಿದುಕೊಂಡು ಬಂದ. "ಸರ್, ಇದು ಎರಡೇ ಎರಡು ಮಿಲಿಮೀಟರ್ ಅಗಲ ಆಗ್ಬೇಕು. ಎಲ್ಲಿ ಒತ್ಬೇಕು ಅಂತ ಹೇಳಿ ಸಾಕು" ಅಂದ. ಅವನ ರಾಕ್ ಕ್ರಾಲರಿನಲ್ಲಿ ಬ್ಯಾಟರಿ ಕೂರಿಸುವ ಟ್ರೇ ಅದು. ಅಂತರ್ಜಾಲದಿಂದ ಪುಕ್ಕಟೆ ಇಳಿಸಿಕೊಂಡ ಫೈಲು, ನನ್ನ ತ್ರೀಡಿ ಪ್ರಿಂಟರಿನಲ್ಲೇ ಹಿಂದಿನ ದಿನ ತೆಗೆದದ್ದು. ನಾಲ್ಕು ಗಂಟೆ ಹಿಡಿದಿತ್ತು. ಬ್ಯಾಟರಿ ಒಳಗೆ ಹೋಗಲಿಲ್ಲ.

ಎಲ್ಲೂ ಒತ್ತಲು ಬರುವುದಿಲ್ಲ ಎಂದು ಅವನಿಗೆ ಒಪ್ಪಿಸಲು ಅರ್ಧ ದಿನ ಬೇಕಾಯಿತು. ಈ ಬರಹದಲ್ಲಿರುವುದು ಆ ಅರ್ಧ ದಿನದ ಸಿಟ್ಟು.

ಗೊತ್ತಿಲ್ಲದವರಿಗೆ ಹೇಳಬೇಕು. ರಾಕ್ ಕ್ರಾಲರ್ ಅಂದರೆ ರಿಮೋಟಿನ ಕಾರೇ, ಆದರೆ ಓಡುವುದು ಅದರ ಕೆಲಸವಲ್ಲ. ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಬಂಡೆ ಹತ್ತುವುದು ಅದರ ಕೆಲಸ. ಅಮೆರಿಕದ ಮೋಆಬಿನಂಥ ಕಡೆ ನಿಜವಾದ ಜೀಪುಗಳನ್ನು ಬಂಡೆ ಹತ್ತಿಸುವ ಗೀಳಿದೆಯಲ್ಲ, ಅದರ ಹತ್ತನೇ ಒಂದು ಅಳತೆಯ ಮರಿ ಇದು. ತುಮಕೂರಿನ ಕಡೆಯವರಾದ ನಮಗೆ ಬಂಡೆಗೇನೂ ಬರವಿಲ್ಲ. (ಹಂಪಿಗೆ ಮಾತ್ರ ಒಯ್ಯಬೇಡಿ, ಅಲ್ಲಿನ ಕಲ್ಲುಗಳಿಗೆ ಬೇರೆ ಕೆಲಸವಿದೆ.) ಕಡಿದಾದ ಕಲ್ಲು ಹತ್ತುವಾಗ ಗಾಡಿ ಹಿಂದಕ್ಕೆ ಮಗುಚದಿರಬೇಕಾದರೆ ಭಾರ ಮುಂದಿರಬೇಕು, ತಗ್ಗಿನಲ್ಲಿರಬೇಕು. ಸುಲಭವಾಗಿ ಜರುಗಿಸಬಹುದಾದ ದೊಡ್ಡ ಭಾರವೆಂದರೆ ಬ್ಯಾಟರಿ. ಅದನ್ನು ಮುಂದಿನ ಆಕ್ಸಲಿನ ಹತ್ತಿರಕ್ಕೆ ಇಳಿಸುವ ಟ್ರೇಗಳು 'ಅಪ್‌ಗ್ರೇಡ್' ಎಂಬ ಹೆಸರಿನಲ್ಲಿ ರಾಶಿ ರಾಶಿ ಸಿಗುತ್ತವೆ.

ಅವು ಬರುವುದು ಎಸ್‌ಟಿಎಲ್ ಫೈಲುಗಳಾಗಿ. 1987ರಲ್ಲಿ ತ್ರೀಡಿ ಸಿಸ್ಟಮ್ಸ್ ಕಂಪನಿ ತನ್ನ ಯಂತ್ರಕ್ಕೆ ಆಕಾರಗಳನ್ನು ಉಣಿಸಲು ಮಾಡಿಕೊಂಡ ಏರ್ಪಾಟು ಅದು. ಒಳಗಿರುವುದು ಬರೀ ತ್ರಿಕೋನಗಳು. ಇದು ಗೋಡೆ, ಇದು ಸ್ಕ್ರೂ ತೂತು ಎಂದು ಆ ಫೈಲಿಗೆ ಗೊತ್ತಿಲ್ಲ. ಅಳತೆ ಮಿಲಿಮೀಟರಿನದೋ ಇಂಚಿನದೋ ಎಂಬುದೂ ಗೊತ್ತಿಲ್ಲ. ನಮ್ಮ ಟ್ರೇಯ ಒಳಗಲ 34 ಮಿ.ಮೀ. ಇತ್ತು, ಬೇಕಿದ್ದದ್ದು 36. ಹುಡುಗ ಎಲ್ಲರೂ ಮಾಡುವುದನ್ನೇ ಮಾಡಿದ: ಇಡೀ ಆಕಾರವನ್ನು ಶೇಕಡಾ 6ರಷ್ಟು ಹಿಗ್ಗಿಸಿದ. ಬ್ಯಾಟರಿಗೆ ಜಾಗವಾಯಿತು. ಆದರೆ 50 ಮಿ.ಮೀ. ಅಂತರದಲ್ಲಿದ್ದ ಸ್ಕ್ರೂ ತೂತುಗಳು 53ಕ್ಕೆ ಸರಿದು ಚಾಸಿಗೆ ಹೊಂದದಾದವು. ಅಗಲವನ್ನಷ್ಟೇ ಹಿಗ್ಗಿಸಿ ನೋಡಿದ. ತೂತು ಸರಿಯುವುದು ತಪ್ಪಲಿಲ್ಲ, ಜೊತೆಗೆ ದುಂಡಗಿದ್ದದ್ದು ಮೊಟ್ಟೆಯಾಕಾರವಾಯಿತು. ಮೂಲ ಡ್ರಾಯಿಂಗ್ ಫೈಲು ಇದ್ದಿದ್ದರೆ 34 ಅಳಿಸಿ 36 ಬರೆಯುವಷ್ಟೇ ಕೆಲಸ.

ಆ ಮೂಲವನ್ನು ಯಾಕೆ ಕೊಡುವುದಿಲ್ಲ? ಈ ಭಾಗಗಳನ್ನು ವಿನ್ಯಾಸ ಮಾಡುವ ನಾವು (ನಾನೂ ಆ ಪೈಕಿಯವನೇ) ಎಲ್ಲರೊಂದಿಗೆ ಹಂಚಿಕೊಳ್ಳುತ್ತಿದ್ದೇವೆ ಎಂದು ಬೀಗುತ್ತೇವೆ. ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಪದದ ಮರೆಯಲ್ಲಿ ಈ ಬೀಗುವಿಕೆ ನಡೆದುಹೋಗುತ್ತದೆ. ಕನ್ನಡದಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಹುಡುಗನಿಗೆ ಸಿಕ್ಕಿದ್ದು ಉಚಿತ ತಟ್ಟೆ. ಅದರ ಒಂದು ಗೋಡೆಯನ್ನು ಎರಡು ಮಿಲಿಮೀಟರ್ ಸರಿಸುವ ಸ್ವಾತಂತ್ರ್ಯ ಅವನಿಗೆ ಸಿಗಲಿಲ್ಲ.

ಇದರಲ್ಲಿ ಕೃತಘ್ನತೆಯೂ ಇದೆ. ನಮ್ಮ ಮೇಜಿನ ಮೇಲೆ ಪ್ರಿಂಟರ್ ಬಂದು ಕೂತಿರುವುದೇ ಯಾರೋ ಮೂಲವನ್ನು ಕೊಟ್ಟದ್ದರಿಂದ. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 'ರೆಪ್‌ರ್‍ಯಾಪ್' ಯೋಜನೆ ಶುರು ಮಾಡಿದರು: ತನ್ನ ಭಾಗಗಳನ್ನು ತಾನೇ ಮುದ್ರಿಸಿಕೊಳ್ಳಬಲ್ಲ ಯಂತ್ರ, ಅದರ ವಿನ್ಯಾಸವೆಲ್ಲ ಬಯಲಿಗೆ. ಪ್ಲಾಸ್ಟಿಕ್ ದಾರವನ್ನು ಕರಗಿಸಿ ಪದರ ಪದರವಾಗಿ ಇಡುವ ವಿಧಾನದ ಮೇಲೆ ಸ್ಟ್ರಾಟಸಿಸ್ ಕಂಪನಿಗಿದ್ದ ಮೂಲ ಪೇಟೆಂಟ್ 2009ರಲ್ಲಿ ಮುಗಿಯಿತು. ಈ ಎರಡೂ ಕೂಡಿದ್ದರಿಂದ ಯಂತ್ರ ಮನೆಗೆ ಬಂತು. ಜನ ಆ ವಿನ್ಯಾಸ ತೆಗೆದುಕೊಂಡು ತಿದ್ದಿದರು, ಕೆಡಿಸಿದರು, ಮತ್ತೆ ತಿದ್ದಿದರು. ಅಂಥ ಯಂತ್ರದ ಮುಂದೆ ಕೂತು ನಾವು ಬ್ಯಾಟರಿ ಟ್ರೇಗೆ ಬೀಗ ಹಾಕುತ್ತಿದ್ದೇವೆ.

"ಮೂಲ ಕೊಟ್ಟರೆ ಕದಿಯುತ್ತಾರೆ" ಎಂಬ ಉತ್ತರ ಬರುತ್ತದೆ. ಕದಿಯುವುದು ನಿಜ. ತಿಂಗಳುಗಟ್ಟಲೆ ಕೂತು ಮಾಡಿದ ವಿನ್ಯಾಸವನ್ನು ಇನ್ಯಾರೋ ಪ್ರಿಂಟ್ ತೆಗೆದು ಮಾರಿದರೆ ಹೊಟ್ಟೆ ಉರಿಯುತ್ತದೆ. ಆದರೆ ಸ್ವಲ್ಪ ಯೋಚಿಸಿ, ಹಾಗೆ ಮಾರುವವನಿಗೆ ಬೇಕಾದದ್ದು ಏನು? ಎಸ್‌ಟಿಎಲ್ ಅಷ್ಟೇ. ಅದನ್ನು ನೀವೇ ಅವನ ಕೈಗಿಟ್ಟಾಗಿದೆ. ಅವನಿಗೆ ಗೋಡೆ ಸರಿಸುವ ಹಂಗಿಲ್ಲ, ಗುಂಡಿ ಒತ್ತಿದರೆ ಸಾಕು. ಮೂಲ ಫೈಲು ಬೇಕಾಗುವುದು ತಿದ್ದುವವನಿಗೆ, ಅಂದರೆ ಕಲಿಯುವವನಿಗೆ. ಕಳ್ಳನಿಗೆ ಬಾಗಿಲು ತೆರೆದಿಟ್ಟು ವಿದ್ಯಾರ್ಥಿಗೆ ಚಿಲಕ ಹಾಕುವ ಕಾವಲು ಇದು. ದುಡ್ಡಿಗೆ ಮಾರುತ್ತೀರಾ, ಮಾರಿ, ಅದರಲ್ಲಿ ನನಗೆ ತಕರಾರಿಲ್ಲ. ಮೂಲದ ಸಮೇತ ಮಾರಿ.

ಇನ್ನೊಂದು ತಕರಾರು ಫೋಟೊಗಳದ್ದು. ಮದುವೆ ಆಲ್ಬಮ್ಮಿನ ಹಾಗೆ ಎಲ್ಲ ಭಾಗಗಳೂ ಹೊಸದಾಗಿ, ಮೇಜಿನ ಮೇಲೆ, ಒಳ್ಳೆಯ ಬೆಳಕಿನಲ್ಲಿ ನಿಂತಿರುತ್ತವೆ. ಮುರಿದದ್ದರ ಚಿತ್ರ ಒಂದೂ ಇರುವುದಿಲ್ಲ. ಬಂಡೆಗೆ ಬಡಿಸಿಕೊಳ್ಳಲೆಂದೇ ಮಾಡಿದ ವಸ್ತು ಒಮ್ಮೆಯೂ ಮುರಿಯಲಿಲ್ಲವೇ? ನಾನೇ ಒಂದು ಕಾಲದಲ್ಲಿ ಚಕ್ರ ತಿರುಗಿಸುವ ಸರ್ವೋ ಮೋಟಾರಿನ ಹಿಡಿಕೆಯೊಂದನ್ನು ಹೀಗೆ ಚೆಂದದ ಫೋಟೊ ಸಮೇತ ಹಂಚಿದ್ದೆ. ಮೂರನೇ ದಿನ ಅದು ಕಲ್ಲಿಗೆ ತಗುಲಿ ಎರಡಾಯಿತು. ನಿಲ್ಲಿಸಿ ಮುದ್ರಿಸಿದ್ದೆ, ಕಿವಿಗಳು ಪದರಗಳ ನಡುವೆ ಬಿಸ್ಕತ್ತಿನಂತೆ ಬಿಟ್ಟುಕೊಂಡಿದ್ದವು. ಮಲಗಿಸಿ ಮುದ್ರಿಸಿದೆ, ಒಳಮೂಲೆಗಳನ್ನು ದುಂಡಗೆ ಮಾಡಿದೆ, ಹೊರಗೋಡೆಯ ಸುತ್ತುಗಳನ್ನು ಎರಡರಿಂದ ಐದಕ್ಕೆ ಏರಿಸಿದೆ, ನಿಂತಿತು. ಆಮೇಲೆ ಮಾಡಿದ್ದೇನು? ಹಳೆಯ ಫೈಲು ಸದ್ದಿಲ್ಲದೆ ಅಳಿಸಿ ಹೊಸದನ್ನು ಹಾಕಿದೆ. ನನಗೆ ಮೂರು ದಿನ ಕಲಿಸಿದ ಆ ಮುರುಕು ಕಸದ ಬುಟ್ಟಿಗೆ ಹೋಯಿತು.

ಮುರಿದ ಭಾಗ ಮಾತಾಡುತ್ತದೆ. ಪದರದ ಗುಂಟ ನುಣ್ಣಗೆ ಬಿಟ್ಟುಕೊಂಡಿದ್ದರೆ ತಪ್ಪು ಮುದ್ರಿಸಿದ ದಿಕ್ಕಿನದು. ಪದರಗಳನ್ನು ಅಡ್ಡಡ್ಡ ಹರಿದು ಚೂಪಾದ ಮೂಲೆಯಲ್ಲಿ ಸೀಳಿದ್ದರೆ ತಪ್ಪು ಆಕಾರದ್ದು. ಮುರಿಯದೆ ಜೋತುಬಿದ್ದಿದ್ದರೆ ಪಿಎಲ್‌ಎ ಪ್ಲಾಸ್ಟಿಕ್ ಬಳಸಿ ಏಪ್ರಿಲ್ ಬಿಸಿಲಲ್ಲಿ ಕಾರೊಳಗೆ ಬಿಟ್ಟು ಹೋಗಿದ್ದೀರಿ, ಅದು 60 ಡಿಗ್ರಿಯ ಸುತ್ತಮುತ್ತಲೇ ಮೆತ್ತಗಾಗುತ್ತದೆ. ಇಷ್ಟೆಲ್ಲ ಒಂದು ಫೋಟೊದಲ್ಲಿ ತಿಳಿಯುತ್ತದೆ. ಈ ಪತ್ರಿಕೆ ಓದುವವರಲ್ಲಿ ಹಳಗನ್ನಡ ಓದಿದವರಿದ್ದೀರಿ. ಪಾಠಾಂತರಗಳನ್ನೆಲ್ಲ ಮುಚ್ಚಿಟ್ಟು "ಇದೇ ಶುದ್ಧ ಪಾಠ" ಎನ್ನುವ ಸಂಪಾದಕನನ್ನು ನೀವು ನಂಬುತ್ತೀರಾ? ಅಡಿಟಿಪ್ಪಣಿ ಎಲ್ಲಪ್ಪಾ ಎಂದು ಕೇಳುವುದಿಲ್ಲವೇ?

ಆಟಿಕೆಯ ವಿಷಯಕ್ಕೆ ಇಷ್ಟು ರೇಗಬೇಕೆ ಅಂದರೆ, ಬೇಕು. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಕೊಂಡು ತಂದು ಅಂಕ ಪಡೆಯುವುದು ಯಾರಿಗೂ ಆಶ್ಚರ್ಯವಲ್ಲದ ಊರುಗಳಲ್ಲಿ ನಾವಿದ್ದೇವೆ. ಅಂಥದ್ದರಲ್ಲಿ ಒಬ್ಬ ಹುಡುಗ ತಾನಾಗಿ ಬಂದು, ಯಾವ ಅಂಕಕ್ಕೂ ಅಲ್ಲದೆ, ಎರಡು ಮಿಲಿಮೀಟರ್ ಬದಲಿಸಬೇಕು ಎನ್ನುತ್ತಾನೆ. ಅವನಿಗೆ ತ್ರಿಕೋನಗಳ ಮೂಟೆ ಕೊಟ್ಟು ಕಳಿಸುವುದೇ?

ಕೊನೆಗೆ ಟ್ರೇಯನ್ನು ಮೊದಲಿನಿಂದ ಬರೆದೆವು. ವರ್ನಿಯರ್ ಹಿಡಿದು ಚಾಸಿಯ ಅಳತೆ ತೆಗೆದದ್ದು ಅವನು, ಫ್ರೀಕ್ಯಾಡ್ ತೆರೆದು ತೋರಿಸಿದ್ದು ನಾನು. ಮೊದಲನೆಯದರಲ್ಲಿ ಸ್ಕ್ರೂ ಹೋಗಲಿಲ್ಲ, ಮುದ್ರಿಸಿದ ತೂತು ಬರೆದದ್ದಕ್ಕಿಂತ ಒಂದಿಷ್ಟು ಕಿರಿದಾಗಿ ಬರುತ್ತದೆ ಎಂದು ನಾನು ಬೇಕೆಂದೇ ಹೇಳಿರಲಿಲ್ಲ. ಮೂರನೆಯದು ಕೂತಿತು, ಎರಡನೇ ಬಂಡೆಗೆ ಒಂದು ಕಿವಿ ಕಿತ್ತುಬಂತು. ಮೊನ್ನೆ ಅವನು ಕಳಿಸಿದ ಫೋಲ್ಡರಿನಲ್ಲಿ 'ಟ್ರೇ-7' ಇತ್ತು. 1ರಿಂದ 6ರವರೆಗಿನ ಮೂಲ ಫೈಲುಗಳೂ ಇದ್ದವು, ಮುರಿದ ನಾಲ್ಕರ ಫೋಟೊ ಜೊತೆಗೆ.