ಪಟದಲ್ಲಿ ಹೆಂಗಸರೇ ಇಲ್ಲವೇ?



ಹೋದ ಫೆಬ್ರವರಿಯಲ್ಲಿ ರಾಷ್ಟ್ರೀಯ ವಿಜ್ಞಾನ ದಿನಕ್ಕೆಂದು ನಮ್ಮ ಪ್ರೆಸ್ಸಿನಲ್ಲಿ ಒಂದು ಶಾಲೆಯ ಭಿತ್ತಿಪತ್ರ ಅಚ್ಚಾಯಿತು. ಹತ್ತು ವಿಜ್ಞಾನಿಗಳ ಚಿತ್ರ. ಪ್ರೂಫ್ ನೋಡಿದವನು ನಾನೇ. ಕಾಗುಣಿತದ ಒಂದು ತಪ್ಪೂ ಇರಲಿಲ್ಲ. ಕಟ್ಟು ಒಯ್ಯಲು ಮೇಷ್ಟ್ರ ಜೊತೆ ಬಂದಿದ್ದ ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು: "ಅಂಕಲ್, ಇದರಲ್ಲಿ ಹೆಂಗಸರು ಒಬ್ಬರೂ ಇಲ್ವಲ್ಲ?" ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷ ಪ್ರೂಫ್ ತಿದ್ದಿದ ಕಣ್ಣಿಗೆ ಆ ತಪ್ಪು ಬಿದ್ದಿರಲಿಲ್ಲ!

ಹಾಗಾದರೆ ಹೆಂಗಸರು ಇರಲಿಲ್ಲವೇ? ಇದ್ದರು. ನಮ್ಮ ಬೆಂಗಳೂರಿನಲ್ಲೇ ಇದ್ದರು.

1933ರಲ್ಲಿ ಬೊಂಬಾಯಿಯಿಂದ ಕಮಲಾ ಭಾಗವತ್ ಎಂಬ ಪದವೀಧರೆ ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಲು ಬಂದರು. ಅಂದಿನ ನಿರ್ದೇಶಕರು ಸರ್ ಸಿ.ವಿ. ರಾಮನ್. ಹೆಣ್ಣು ಎಂಬ ಒಂದೇ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು. ಫೆಬ್ರವರಿ 28ನ್ನು ನಾವು ವಿಜ್ಞಾನ ದಿನವೆಂದು ಆಚರಿಸುವುದು ಅದೇ ರಾಮನ್ನರ ಶೋಧದ ನೆನಪಿಗೆ! ಅವರ ಪಾಂಡಿತ್ಯಕ್ಕೆ ಕೈಮುಗಿಯೋಣ, ನಡೆದದ್ದನ್ನು ಮುಚ್ಚಿಡುವುದು ಬೇಡ. ಕಮಲಾ ಹಿಂದಿರುಗಲಿಲ್ಲ, ಹಟ ಹಿಡಿದರು. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಸೇರಿ, ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿ ತೋರಿಸಿದರು. ಆಮೇಲೆ ಆ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. 1939ರಲ್ಲಿ ಅವರು ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ.

ಇನ್ನು ನಮ್ಮ ನಾಡಿನ ಮಗಳು ರಾಜೇಶ್ವರಿ ಚಟರ್ಜಿ. 1922ರಲ್ಲಿ ಹುಟ್ಟಿದವರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ಮೊಮ್ಮಗಳು ಅಮೆರಿಕದ ಮಿಷಿಗನ್ನಿಗೆ ಹೋಗಿ ಡಾಕ್ಟರೇಟ್ ಪಡೆದು, ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮೈಕ್ರೋವೇವ್ ವಿಷಯದ ಪ್ರಾಧ್ಯಾಪಕಿಯಾದರು. ಮನೆಯಲ್ಲೇ ಓದಿದ ಅಜ್ಜಿ ಇದ್ದರೆ ಮೊಮ್ಮಗಳಿಗೆ "ನಿನ್ನ ಕೈಲಾಗದು" ಎನ್ನುವ ಧೈರ್ಯ ಯಾರಿಗಿದೆ?

ಎಲ್ಲ ಹುಡುಗಿಯರಿಗೂ ಅಂಥ ಅಜ್ಜಿ ಸಿಗುವುದಿಲ್ಲ. ಅದಕ್ಕೇ ಪಟ ಬೇಕು, ಕಥೆ ಬೇಕು. 2014ರ ಸೆಪ್ಟೆಂಬರಿನಲ್ಲಿ ಮಂಗಳಯಾನ ಗುರಿ ಮುಟ್ಟಿದ ದಿನ, ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಸೀರೆಯುಟ್ಟು ಮಲ್ಲಿಗೆ ಮುಡಿದ ಹೆಂಗಸರು ಸಂಭ್ರಮಿಸಿದ ಚಿತ್ರ ನೆನಪಿದೆಯೇ? 2019ರ ಚಂದ್ರಯಾನ-2ರ ಯೋಜನಾ ನಿರ್ದೇಶಕಿ ಎಂ. ವನಿತಾ, ಮಿಷನ್ ನಿರ್ದೇಶಕಿ ರಿತು ಕರಿದಾಲ್. ನಮ್ಮ ಅಕ್ಕ, ಅತ್ತಿಗೆಯರಂತೆ ಕಾಣುವ ಇವರನ್ನು ನೋಡಿದ ಹುಡುಗಿಗೆ ವಿಜ್ಞಾನ ಪರರ ಮನೆ ಅನ್ನಿಸುವುದಿಲ್ಲ.

ಆದರೆ ಪಟ ಅಂಟಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಹತ್ತರವರೆಗೆ ಕನ್ನಡದಲ್ಲಿ ಓದಿದ ಹುಡುಗಿಗೆ ಪಿಯುಸಿ ವಿಜ್ಞಾನ ಏಕಾಏಕಿ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಬುದ್ಧಿ ಸಾಲದೆಂದು ಅವಳೇ ನಂಬಿಬಿಡುತ್ತಾಳೆ. ಸಾಲದಿರುವುದು ಅವಳ ಬುದ್ಧಿಯಲ್ಲ, ನಮ್ಮ ವ್ಯವಸ್ಥೆ! ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದ ನೇಮಿಚಂದ್ರ ಅವರು ಮೇರಿ ಕ್ಯೂರಿಯ ಬದುಕನ್ನು ಕನ್ನಡದಲ್ಲೇ ಬರೆದುಕೊಟ್ಟಿದ್ದಾರೆ. ಅಂಥ ಪುಸ್ತಕ ನಿಮ್ಮೂರ ಶಾಲೆಯ ಬೀರುವಿನಲ್ಲಿ ಇದೆಯೇ? ಊರಿಗೆ ಹತ್ತಿರದ ಕಾಲೇಜಿನಲ್ಲಿ ವಿಜ್ಞಾನ ವಿಭಾಗ, ಸಂಜೆ ಪ್ರಾಕ್ಟಿಕಲ್ ಮುಗಿಸಿ ಮನೆಗೆ ಬರಲು ಒಂದು ಬಸ್ಸು ಇದೆಯೇ? ಇಲ್ಲದಿದ್ದರೆ ಕೇಳಿ. ಮನವಿ ಕೊಡಿ. ಸುಮ್ಮನಿರಬೇಡಿ.

ಫಸ್ಟ್ ಕ್ಲಾಸ್ ಬಂದ ಎಷ್ಟೋ ಹೆಣ್ಣುಮಕ್ಕಳ ಲಗ್ನಪತ್ರಿಕೆಗಳನ್ನು ನನ್ನ ಕೈಯಾರೆ ಅಚ್ಚು ಹಾಕಿದ್ದೇನೆ. ಮದುವೆ ಬೇಡವೆನ್ನುವವನು ನಾನಲ್ಲ. ಓದು ಮುಗಿಯಲಿ ಎನ್ನುತ್ತೇನೆ, ಅಷ್ಟೇ.

ಬರುವ ಫೆಬ್ರವರಿಗೆ ಹೊಸ ಪಟ ಬರುತ್ತದೆ. ಅದರಲ್ಲಿ ಕಮಲಾ ಇರುತ್ತಾರೆ, ರಾಜೇಶ್ವರಿ ಇರುತ್ತಾರೆ. ಅಚ್ಚಿನ ಕೂಲಿ ನಾನು ತೆಗೆದುಕೊಳ್ಳುವುದಿಲ್ಲ. ನಿಮ್ಮೂರ ಶಾಲೆಯ ಗೋಡೆಗೆ ಅಂಟಿಸುವ ಕೆಲಸ ನಿಮ್ಮದು.