ಬೈಗುಳವೂ ಪಾಠವಾಗಲಿ

ಸೇವೆಯಲ್ಲಿದ್ದಾಗ ಮೇಲಧಿಕಾರಿಗಳ ಬಾಯಿಂದ ಕೇಳಿ ಕಲಿತ ‘ಬ್ಲಡಿ’ ಎಂಬ ಪದವನ್ನು ನಾನೊಮ್ಮೆ ಬ್ರಿಟಿಷ್ ನಿಯೋಗದ ಎದುರು ಆಡಿ ತಲೆತಗ್ಗಿಸಬೇಕಾಯಿತು. ಅದರ ತೂಕವನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. 1914ರಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದಲ್ಲಿ ಈ ಪದ ಕೇಳಿಬಂದಾಗ ಲಂಡನ್ನಿನ ಪ್ರೇಕ್ಷಕರು ಬೆಚ್ಚಿದ್ದರು. ಇಂದು ಅಲ್ಲಿ ಗೆಳೆಯರ ನಡುವೆ ಅದು ಸಾಮಾನ್ಯ, ಸಭೆಯಲ್ಲಿ ಮಾತ್ರ ಅಸಭ್ಯ.

ಇಂಥ ಸೂಕ್ಷ್ಮಗಳನ್ನು ವಯಸ್ಕರ ಇಂಗ್ಲಿಷ್ ತರಗತಿಗಳಿಂದ ಸಭ್ಯತೆಯ ಹೆಸರಿನಲ್ಲಿ ದೂರವಿಡುವುದು ಸರಿಯಲ್ಲ. ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ಕುಳಿತ ಯುವತಿಗೆ ಸಾಗರದಾಚೆಯ ಗ್ರಾಹಕನ ಮಾತು ಬರಿಯ ಸಿಡುಕೋ, ನಿಂದನೆಯೋ ತಿಳಿಯದಿದ್ದರೆ ಆಕೆ ದೂರು ನೀಡುವುದಾದರೂ ಹೇಗೆ?

ಬೈಯುವುದನ್ನು ಕಲಿಸಬೇಕೆಂದು ನಾನು ಹೇಳುತ್ತಿಲ್ಲ. ಅವಮಾನವನ್ನು ಗುರುತಿಸುವಷ್ಟು, ಅರಿಯದೆ ಅವಮಾನಿಸದಿರುವಷ್ಟು ತಿಳಿವಳಿಕೆಯನ್ನಾದರೂ ಕಲಿಯುವವರಿಗೆ ಕೊಡಬೇಕು.