ಮಂಚದ ಪಕ್ಕದವರು

ರೋಗಿಯನ್ನು ನೋಡಿಬರುವುದು ನಮ್ಮಲ್ಲಿ ಒಂದು ಶಿಷ್ಟಾಚಾರ. ಪಾರ್ಶ್ವವಾಯುವಿಗೆ ತುತ್ತಾದವರ ಮನೆಗೆ ನಾಲ್ಕು ಕಿತ್ತಳೆಯನ್ನೋ ಎಳನೀರನ್ನೋ ಹಿಡಿದು ಜನ ಹೋಗುತ್ತಾರೆ. ಕೈ ಆಡುತ್ತಿದೆಯೆ, ಮಾತು ಬಂತೆ ಎಂದು ವಿಚಾರಿಸುತ್ತಾರೆ. ಉತ್ತರ ಹೇಳುವವರು ಮಡದಿಯೋ ಸೊಸೆಯೋ ಮಗಳೋ ಆಗಿರುತ್ತಾರೆ. ಕಾಫಿ ತಂದಿಡುವವರೂ ಅವರೇ. 'ನೀವು ಹೇಗಿದ್ದೀರಮ್ಮ?' ಎಂಬ ಪ್ರಶ್ನೆ ಆ ಮನೆಗಳಲ್ಲಿ ಕೇಳಿಬರುವುದು ಅಪರೂಪ.

ಮಿದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ ಹಠಾತ್ತನೆ ಎರಗುವ ಈ ವ್ಯಾಧಿ ಮನೆಯವರಿಗೆ ಸಿದ್ಧರಾಗಲು ಒಂದು ದಿನದ ಅವಕಾಶವನ್ನೂ ಕೊಡುವುದಿಲ್ಲ. ಆಸ್ಪತ್ರೆಯ ವಾಸ ಕೆಲವು ದಿನಗಳದು. ಮನೆಯ ಮಂಚದ ವಾಸ ಎಷ್ಟೋ ವೇಳೆ ವರ್ಷಗಳದು. ಹಾಸಿಗೆಹುಣ್ಣು ಆಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯಲ್ಲಿಯೂ. ನುಂಗುವ ಶಕ್ತಿ ಕುಂದಿದ್ದರೆ ತುತ್ತು ಶ್ವಾಸನಾಳಕ್ಕೆ ಇಳಿಯದಂತೆ ನೆಟ್ಟಗೆ ಕೂರಿಸಿ, ಚಮಚ ಚಮಚವಾಗಿ ಉಣಿಸಬೇಕು. ಮಲಮೂತ್ರ, ಸ್ನಾನ, ರಕ್ತದೊತ್ತಡದ ಮಾತ್ರೆ, ಸೆಟೆದ ಬೆರಳುಗಳನ್ನು ಬಿಡಿಸುವ ಅಂಗಸಾಧನೆ ಬೇರೆ. ತನಗಿಂತ ಭಾರವಾದ ದೇಹವನ್ನು ದಿನಕ್ಕೆ ಹತ್ತಾರು ಸಲ ಎತ್ತುವವಳ ಸೊಂಟದ ನೋವು ಯಾವ ಔಷಧದ ಚೀಟಿಯಲ್ಲಿಯೂ ಕಾಣಿಸುವುದಿಲ್ಲ.

ಭಾಷೆಯನ್ನು ಬೋಧಿಸಿ ಬದುಕುವ ನನ್ನನ್ನು ಬಹುವಾಗಿ ಕಾಡುವುದು ಮಾತಿನ ನಷ್ಟ. ಬಹುಮಂದಿಗೆ ಭಾಷೆಯ ನೆಲೆ ಮಿದುಳಿನ ಎಡಭಾಗ. ಆದುದರಿಂದ ಬಲಗೈ ಬಲಗಾಲು ಬಿದ್ದವರಲ್ಲಿ ಅನೇಕರ ಮಾತೂ ಬಿದ್ದುಹೋಗುತ್ತದೆ. ನೀರು ಬೇಕೆಂದು ಬಾಯಿ ತೆರೆದರೆ ಬೇರೊಂದು ಪದ ಹೊರಡುತ್ತದೆ; ಅದು ತಪ್ಪೆಂದು ತಿಳಿದು ಸಿಟ್ಟು ಬರುತ್ತದೆ. ಆ ಸಿಟ್ಟು ತಿರುಗುವುದು ಹತ್ತಿರ ನಿಂತವರ ಮೇಲೆಯೇ. ನಾನು ಬಲ್ಲ ಒಂದು ಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಉಳಿದಿರುವುದು 'ನಾಳೆ' ಎಂಬ ಒಂದೇ ಪದ. ಹಸಿವಿಗೂ ನಾಳೆ, ನೋವಿಗೂ ನಾಳೆ, ಮೊಮ್ಮಗನನ್ನು ಕರೆಯುವುದಕ್ಕೂ ನಾಳೆ. ಅವರ ಪತ್ನಿ ಆ ದನಿಯ ಏರಿಳಿತವೊಂದರಿಂದಲೇ ಹತ್ತು ಅರ್ಥಗಳನ್ನು ಬಿಡಿಸುತ್ತಾರೆ. ಛಂದಸ್ಸಿನ ಪಾಠ ಹೇಳುವ ನಮಗೆ ಅಷ್ಟು ಸೂಕ್ಷ್ಮವಾದ ಕಿವಿಯಿದೆಯೆ ಎಂಬುದು ಸಂದೇಹ. ಶುಶ್ರೂಷೆ ಎಂಬ ಶಬ್ದದ ಮೂಲಾರ್ಥವೂ ಕೇಳುವ ಇಚ್ಛೆ ಎಂದೇ. ಆದರೆ ಆ ತಾಯಿ ನಾಲ್ಕು ವರ್ಷಗಳಿಂದ ಒಂದು ಮದುವೆಗೆ ಹೋಗಿಲ್ಲ, ಒಂದು ರಾತ್ರಿ ಇಡಿಯಾಗಿ ಮಲಗಿಲ್ಲ. ನೆಂಟರು ಅವರನ್ನು ಪುಣ್ಯವತಿ ಎನ್ನುತ್ತಾರೆ.

ಈ 'ಪುಣ್ಯವತಿ', 'ಮಹಾತಾಯಿ' ಎಂಬ ಮಾತುಗಳ ವಿಷಯದಲ್ಲಿ ನನಗೆ ತಕರಾರಿದೆ. ಹೊಗಳಿಕೆಗೆ ಖರ್ಚಿಲ್ಲ, ಹೊಗಳಿದವನು ನಿಶ್ಚಿಂತೆಯಿಂದ ಎದ್ದುಹೋಗಬಹುದು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, 15ರಿಂದ 59 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಪುರುಷರಲ್ಲಿ ಶೇಕಡಾ 21.4 ಮಾತ್ರ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ, ನಿಜ. ಆದರೂ ಹೊರೆ ಯಾರ ಹೆಗಲಿನದೆಂದು ತಿಳಿಯಲು ಇಷ್ಟು ಸಾಕು. ವೃದ್ಧ ತಂದೆತಾಯಿಗಳ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆ ಅವರನ್ನು ತೊರೆದುಹೋದವರಿಗೆ ಶಿಕ್ಷೆ ವಿಧಿಸುತ್ತದೆ. ತೊರೆಯದೆ ಉಳಿದವಳ ಬಿಡುವಿನ ಮಾತನ್ನು ಎತ್ತುವುದಿಲ್ಲ.

ಮನೆಯವರಿಗೇ ತರಬೇತಿ ಕೊಟ್ಟರೆ ಸಾಲದೆ ಎನ್ನುವವರುಂಟು. ಭಾರತದ 14 ಆಸ್ಪತ್ರೆಗಳ 1250 ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಮನೆಯವರು ಅಂಗಸಾಧನೆ ಮಾಡಿಸಿದರೂ, ಆರು ತಿಂಗಳ ಬಳಿಕ ಸಾವಿನಲ್ಲಾಗಲಿ ಪರಾವಲಂಬನೆಯಲ್ಲಾಗಲಿ ಇಳಿಕೆ ಕಾಣಲಿಲ್ಲ. ಮಮತೆಯಿಂದ ಮಾಡಿದರೂ ಅದು ನುರಿತ ಕೈಯ ಕೆಲಸಕ್ಕೆ ಬದಲಾಗದೆಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಗಂಡುಮಕ್ಕಳು ವಾರದಲ್ಲಿ ಮೂರು ರಾತ್ರಿ ಮಗ್ಗುಲು ಬದಲಿಸುವ ಕೆಲಸವನ್ನು ವಹಿಸಿಕೊಳ್ಳುವುದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ. ಉಳಿದುದಕ್ಕೆ ಸರ್ಕಾರವೇ ಬೇಕು. ನೆರೆಯ ಕೇರಳವು 2008ರಲ್ಲಿ ಉಪಶಾಮಕ ಆರೈಕೆಯ ನೀತಿಯನ್ನು ಘೋಷಿಸಿದ ಮೇಲೆ, ಅಲ್ಲಿ ಪಂಚಾಯಿತಿಗಳ ವತಿಯಿಂದ ತರಬೇತಾದ ದಾದಿಯರು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾರೆ. ನಮ್ಮ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ದಾದಿಯೊಬ್ಬರು, ಅಂಗಸಾಧನೆ ಬಲ್ಲವರೊಬ್ಬರು ಇಂಥ ಮನೆಗಳಿಗೆ ನಿಯಮಿತವಾಗಿ ಬರುವಂತಾಗಬೇಕು. ಬಂದವರು ಮಂಚದ ಮೇಲಿರುವವರ ರಕ್ತದೊತ್ತಡವನ್ನು ಅಳೆದ ಮೇಲೆ, ಮಂಚದ ಪಕ್ಕ ನಿಂತವರದನ್ನೂ ಅಳೆದು ಬರೆದುಕೊಳ್ಳಲಿ.